ಜರ್ಮನ್ ತರಗತಿಯ ಎಮ್ಮೆ

ನರ್ಸುಗಳಿಗೆ ಜರ್ಮನ್ ಕಲಿಸುವ ಕೆಲಸ ನನಗೆ ಸಿಕ್ಕಿದ್ದು ಮಾದಾಪುರದ ಕಚೇರಿ ಬಿಟ್ಟ ಮೇಲೆ. ಅಲ್ಲಿ ಎಷ್ಟೋ ವರ್ಷ ಯಂತ್ರಗಳ ಕೈಪಿಡಿಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಆ ಕೆಲಸವನ್ನು ಕಂಪ್ಯೂಟರೇ ಮಾಡತೊಡಗಿದಾಗ ನಮ್ಮ ವಿಭಾಗವನ್ನು ಮುಚ್ಚಿದರು. ಮನೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ನನ್ನ ಗಂಡ ರೈಲ್ವೆಯವರು, ಮನೆ ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯಲ್ಲಿ. ಮಧ್ಯಾಹ್ನ ಲೋಕಲ್ ಹತ್ತಿ ಕಾಚಿಗುಡದಲ್ಲಿಳಿದು, ಶೇರ್ ಆಟೋದಲ್ಲಿ ಅಬಿಡ್ಸ್‌ಗೆ ಹೋಗಿಬರುವುದು ರೂಢಿಯಾಯಿತು. ಅಲ್ಲಿ ಒಂದು ಗಲ್ಲಿಯೊಳಗೆ, ಕನ್ನಡಕದ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ನಮ್ಮ ತರಗತಿ.

ವಿದ್ಯಾರ್ಥಿನಿಯರೆಲ್ಲ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸುಗಳು. ಜರ್ಮನಿಯ ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಕೆಲಸ ಸಿಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕು, ಅದರಲ್ಲೂ ಮಾತಿನ ಪರೀಕ್ಷೆ. ಸಂಸ್ಥೆಯ ಮಾಲೀಕ ನನ್ನ ಕೈಗೆ ಸಂಭಾಷಣೆಗಳ ಒಂದು ಕಟ್ಟು ಕೊಟ್ಟು, ಬಾಯಿಪಾಠ ಮಾಡಿಸಿದರೆ ಸಾಕು ಎಂದರು. ಮಾಡಿಸಿದೆ. ಎಲ್ಲರೂ ಗಿಳಿಗಳ ಹಾಗೆ ಒಪ್ಪಿಸಿದರು. ಆದರೆ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಿದರೆ ಸಾಕು, ಬಾಯಿ ಕಟ್ಟಿಬಿಡುತ್ತಿತ್ತು. 'ನೀವು ಎಲ್ಲಿಯವರು' ಎಂಬ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುತ್ತಿದ್ದವಳು 'ನಿಮ್ಮ ಊರು ಹೇಗಿದೆ' ಎಂದರೆ ಗೋಡೆ ನೋಡುತ್ತಿದ್ದಳು.

ಹಾಗಾಗಿ ನಾನು ಕಥೆಗೆ ಇಳಿದೆ. ನಾನು ಹೇಳಿ ಅವರು ಕೇಳುವ ಕಥೆಯಲ್ಲ. ನಾನು ಒಂದು ವಾಕ್ಯ ಹೇಳುತ್ತೇನೆ, ಅದರ ಮೇಲೆ ಪ್ರಶ್ನೆ ಹಾಕುತ್ತೇನೆ. ಕಥೆ ಯಾವ ಕಡೆ ತಿರುಗಬೇಕೆಂದು ಅವರ ಉತ್ತರ ತೀರ್ಮಾನಿಸುತ್ತದೆ. ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬರು ನಿಂತಿದ್ದಾರೆ. ಯಾರು? ಮನುಷ್ಯನೋ, ಪ್ರಾಣಿಯೋ? ಮೊದಲ ದಿನ ಹಿಂದಿನ ಬೆಂಚಿನಿಂದ ಒಂದು ಸಣ್ಣ ಧ್ವನಿ ಬಂತು: ಎಮ್ಮೆ. ಜರ್ಮನ್‌ನಲ್ಲಿ ಅದಕ್ಕೆ 'ಬ್ಯೂಫೆಲ್' ಎನ್ನುತ್ತಾರೆ, ಪದ ಪುಲ್ಲಿಂಗ. ತರಗತಿ ಒಪ್ಪಲಿಲ್ಲ. ಹಾಲು ಕೊಡುವವಳು ಗಂಡಸು ಹೇಗಾದಾಳು ಎಂದು ವಾದ ಹೂಡಿ, ಕೊನೆಗೆ ಅವಳನ್ನು 'ಫ್ರಾವ್ ಬ್ಯೂಫೆಲ್' ಮಾಡಿದರು, ಅಂದರೆ ಶ್ರೀಮತಿ ಎಮ್ಮೆ. ಕೆಳಗಿನ ಅಂಗಡಿಯಿಂದ ಅವಳಿಗೊಂದು ಕನ್ನಡಕ ಬಂತು. ಹಿಮ ಬೀಳುವ ಊರಿಗೆ ಹೋಗುವ ಆಸೆ ಬಂತು. ಪ್ರತಿ ಕಥೆಯ ನಡುವೆ ನಾನು ಒಂದೇ ಪ್ರಶ್ನೆಗೆ ಮರಳುತ್ತಿದ್ದೆ: ಅವಳಿಗೆ ಏನು ಬೇಕು? ಬೇಕು ಎನ್ನುವುದು ಸಿಕ್ಕರೆ ಕಥೆ ತಾನಾಗಿ ನಡೆಯುತ್ತದೆ, ಕಥೆ ನಡೆದರೆ ನಾಲಿಗೆಯೂ ನಡೆಯುತ್ತದೆ.

ಎಮ್ಮೆ ಎಂದವಳು ಯಾದಗಿರಿ ಕಡೆಯವಳು, ಮೂವತ್ತರ ಆಸುಪಾಸಿನ ನರ್ಸು, ಆರು ವರ್ಷದ ಮಗಳ ತಾಯಿ. ತರಗತಿಯಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತಾಡಬಲ್ಲವಳು ಅವಳೊಬ್ಬಳೇ, ಆದರೆ ಮಾತಾಡುತ್ತಿರಲಿಲ್ಲ. ಬಾಯಿಪಾಠದ ಸಂಭಾಷಣೆಗಳಲ್ಲಿ ಎಲ್ಲರಿಗಿಂತ ಹಿಂದೆ. 'ನಿಮ್ಮ ಕುಟುಂಬದ ಬಗ್ಗೆ ಹೇಳಿ' ಎಂಬ ಪಾಠ ಬಂದ ದಿನ ಎದ್ದು ನಿಂತವಳು ಒಂದು ಅಕ್ಷರವನ್ನೂ ಆಡದೆ ಕುಳಿತುಬಿಟ್ಟಿದ್ದಳು. ಫ್ರಾವ್ ಬ್ಯೂಫೆಲ್ ಬಂದರೆ ಮಾತ್ರ ಅವಳು ಬೇರೆ ಹೆಂಗಸು. ವ್ಯಾಕರಣ ಮುರಿದುಕೊಂಡೇ ಮುಂದೆ ಹೋಗುತ್ತಿದ್ದಳು. ಟಿಕೆಟ್ ಕೊಡುವವನು ಕೊಂಬಿಗೆ ಬೇರೆ ಟಿಕೆಟ್ ಕೇಳಿದ ಎಂದು ಸೇರಿಸಿದ್ದು ಅವಳೇ. ಆ ದಿನ ತರಗತಿ ನಕ್ಕಿದ್ದು ಕೆಳಗಿನ ಅಂಗಡಿಯವರೆಗೂ ಕೇಳಿತ್ತಂತೆ.

ಅವಳ ಗಂಡ ಕಟ್ಟಡದ ಮೇಸ್ತ್ರಿ. ಯಾದಗಿರಿ ಕಡೆಯಿಂದ ಕೂಲಿಯವರನ್ನು ಕರೆತಂದು ಮಾದಾಪುರದ ಆಚೆ ಏಳುತ್ತಿದ್ದ ಕಟ್ಟಡಗಳಲ್ಲಿ ಕೆಲಸಕ್ಕೆ ಹಚ್ಚುತ್ತಿದ್ದ. ಮೊದಮೊದಲು ಅವಳನ್ನು ಬೈಕಿನಲ್ಲಿ ಬಿಟ್ಟು ಹೋಗುತ್ತಿದ್ದವನು ಒಂದು ದಿನ ಮೇಲೆಯೇ ಬಂದ. "ಏನ್ ಕಲಸ್ತೀರಿ ಅಂತ ನೋಡ್ತೀನ್ರಿ ಟೀಚರ್, ಸುಮ್ನ ಕುಂದರ್ತೀನಿ" ಎಂದು ಹಿಂದಿನ ಬೆಂಚಿನಲ್ಲಿ ಕುಳಿತ. ಮಾಲೀಕ ಬೇಡವೆನ್ನಲಿಲ್ಲ. ಬೇಡವೆನ್ನುವಂಥ ಮನುಷ್ಯನೂ ಅಲ್ಲ ಅವನು. ನಗುಮುಖ, ಇಸ್ತ್ರಿ ಅಂಗಿ, ಎಲ್ಲರಿಗೂ ಅಕ್ಕಾ, ತಂಗೀ. ಗೋಡೆಯಲ್ಲಿ ನೀರು ಜಿನುಗುವುದನ್ನು ನೋಡಿ ಮರುದಿನವೇ ಆಳು ಕಳಿಸಿ ಗಿಲಾವು ಮಾಡಿಸಿಕೊಟ್ಟ. ಮಾಲೀಕನಿಗೆ ಅವನೆಂದರೆ ಜೀವ. ನನಗೂ ಮೊದಲು ಒಳ್ಳೆಯವನೇ ಅನಿಸಿದ್ದ.

ಅವನು ಬಂದು ಕೂರತೊಡಗಿದ ಮೇಲೆ ಅವಳು ಕಥೆಯಲ್ಲೂ ಮಾತು ಕಡಿಮೆ ಮಾಡಿದಳು. ಒಮ್ಮೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಕೇಳಿದರೆ, "ಬಚ್ಚಲದಾಗ ಜಾರಿದ್ನಿರಿ" ಎಂದಳು. ಇನ್ನೊಮ್ಮೆ ಅವನು ಟೀ ಕುಡಿಯಲು ಕೆಳಗಿಳಿದಾಗ ನನ್ನ ಬಳಿ ಬಂದು, "ಟೀಚರ್, ಪರೀಕ್ಷಿ ಮುಂದಕ ಹೋಗಂಗಿಲ್ಲಲ್ರಿ?" ಎಂದು ಕೇಳಿದಳು. ಇಲ್ಲ ಎಂದೆ. ಮತ್ತೇನೋ ಹೇಳಲು ಬಾಯಿ ತೆರೆದಳು. ಮೆಟ್ಟಿಲಲ್ಲಿ ಅವನ ಚಪ್ಪಲಿಯ ಸದ್ದಾಯಿತು, ಹೋಗಿ ಜಾಗದಲ್ಲಿ ಕುಳಿತಳು.

ಆಮೇಲೆ ಅವಳು ಬರುವುದೇ ನಿಂತಿತು. ಫೋನ್ ಮಾಡಿದರೆ ಅವನೇ ಎತ್ತುತ್ತಿದ್ದ. ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದ. ಪರೀಕ್ಷೆ ಶನಿವಾರ ಎನ್ನುವಾಗ, ಆ ವಾರದ ನಡುವೆ ಒಂದು ಮಧ್ಯಾಹ್ನ ಇಬ್ಬರೂ ಬಂದರು. ಅವನ ಕೈಯಲ್ಲಿ ಪೇಡೆಯ ಡಬ್ಬಿ ಇತ್ತು.

"ಇದ ಕಡೀ ಕ್ಲಾಸ್‌ರಿ ಟೀಚರ್," ಎಂದ. "ನಮ್ಮ ಅವ್ವಗ ಆರಾಮಿಲ್ಲ. ಶುಕ್ರವಾರ ಊರಿಗಿ ಹೊಂಟೀವಿ. ಎಲ್ಲಾರಿಗೂ ಹೇಳಿ ಬರ್ತೀನಿ ಅಂತ ಹಟಾ ಹಿಡದ್ಳು, ಕರ್ಕೊಂಡ್ ಬಂದೀನಿ."

"ಪರೀಕ್ಷಿ?" ಎಂದೆ.

"ಮುಂದ ನೋಡಿದ್ರ ಆತ್ರಿ. ಪರೀಕ್ಷಿ ಎಲ್ಲಿ ಓಡಿ ಹೋಗ್ತೈತಿ?"

ಅವಳು ನೆಲ ನೋಡುತ್ತ ನಿಂತಿದ್ದಳು. ಅವನು ತನ್ನ ಬೆಂಚಿಗೆ ಹೋಗಿ ಫೋನ್ ತೆಗೆದ. ನಾನು ಪಾಠ ಶುರುಮಾಡುವ ಮುಂಚೆಯೇ ಅವಳು ಕೈ ಎತ್ತಿ ಜರ್ಮನ್‌ನಲ್ಲಿ, "ಇವತ್ತು ಕಥೆ ನಾನು ಹೇಳುತ್ತೇನೆ" ಎಂದಳು.

ಅಂದು ಆಡಿದ ಮಾತುಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಹೇಳಿದ್ದು, ನಾವು ಕೇಳಿದ್ದು ಎಲ್ಲ ಜರ್ಮನ್‌ನಲ್ಲಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ.

"ಫ್ರಾವ್ ಬ್ಯೂಫೆಲ್ ಒಬ್ಬ ಬವರ್‌ನ ಮನೆಯಲ್ಲಿ ಇದ್ದಾಳೆ," ಎಂದಳು. ಬವರ್ ಅಂದರೆ ರೈತ. ಅಲ್ಲಿಯವರೆಗೆ ನಮ್ಮ ಎಮ್ಮೆಗೆ ಯಜಮಾನನೇ ಇರಲಿಲ್ಲ. ತರಗತಿಗೆ ಹೊಸ ಪಾತ್ರ ಸಿಕ್ಕಿತೆಂದು ಖುಷಿ.

"ಬವರ್ ಒಳ್ಳೆಯವನಾ?" ಖಮ್ಮಂ ಕಡೆಯ ಹುಡುಗಿ ನಗುತ್ತ ಕೇಳಿದಳು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳು.

"ಹೊರಗೆ ಒಳ್ಳೆಯವನು."

ನಗು ಅರ್ಧಕ್ಕೆ ನಿಂತಿತು.

"ಬವರ್ ಫ್ರಾವ್ ಬ್ಯೂಫೆಲ್‌ಳ ಪಾಸ್ ತೆಗೆದುಕೊಂಡಿದ್ದಾನೆ," ಎಂದಳು ಅವಳು.

ಪಾಸ್‌ಪೋರ್ಟಿಗೆ ಜರ್ಮನ್‌ನಲ್ಲಿ 'ಪಾಸ್' ಎನ್ನುತ್ತಾರೆ. ಹಿಂದಿನ ಬೆಂಚಿನಲ್ಲಿ ಅವನು ಫೋನಿನಿಂದ ತಲೆ ಎತ್ತಿದ. "ಪಾಸ್ ಅಂದ್ರ ಪಾಸಾಗೂದೇನ್ರಿ ಟೀಚರ್?" ಎಂದು ನಗುತ್ತ ಕೇಳಿದ.

"ಹೌದ್ರಿ. ಪರೀಕ್ಷಿ ಮಾತು," ಎಂದೆ.

ನನ್ನ ಬಾಯಿಂದ ಸುಳ್ಳು ಅಷ್ಟು ಬೇಗ ಬಂದದ್ದು ನನಗೇ ಆಶ್ಚರ್ಯ. ತಪ್ಪು ತಿದ್ದುವ ಧ್ವನಿಯಲ್ಲೇ ಅವಳಿಗೆ ಜರ್ಮನ್‌ನಲ್ಲಿ ಹೇಳಿದೆ: "ಆ ಪದ ಬೇಡ. ಚಿಕ್ಕ ಪುಸ್ತಕ ಎನ್ನಿ. ಕೆಲವು ಪದಗಳು ಬವರ್‌ಗೂ ಗೊತ್ತಿರುತ್ತವೆ."

ಅಷ್ಟು ಹೇಳಿದ್ದೇ ತಡ, ಇಡೀ ತರಗತಿಗೆ ಅರ್ಥವಾಯಿತು. ಯಾರೂ ಹಿಂದಕ್ಕೆ ತಿರುಗಲಿಲ್ಲ. ತಿರುಗದಂತೆ ಇರಲು ಒಬ್ಬೊಬ್ಬರೂ ಎಷ್ಟು ಕಷ್ಟಪಡುತ್ತಿದ್ದಾರೆಂದು ಮುಂದೆ ನಿಂತ ನನಗೆ ಕಾಣುತ್ತಿತ್ತು. ಕೇರಳದ ಹಿರಿಯ ನರ್ಸ್ ಒಬ್ಬರು ಮೊದಲ ಸಾಲಿನಲ್ಲಿದ್ದರು, ಬಹಳ ವರ್ಷ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ದುಡಿದವರು. ಅವರು ಪೆನ್ನು ಕೆಳಗಿಟ್ಟು, ರೋಗಿಗೆ ಕೇಳುವ ಹಾಗೆ ಕೇಳಿದರು. ಆ ತಿಂಗಳು ನಾವು ಅದನ್ನೇ ಅಭ್ಯಾಸ ಮಾಡಿದ್ದೆವು.

"ಫ್ರಾವ್ ಬ್ಯೂಫೆಲ್, ನಿಮಗೆ ಎಲ್ಲಿ ನೋವು?"

"ಬೆನ್ನು. ಪಕ್ಕೆ. ಎಡಗಡೆ."

"ಯಾವಾಗಿನಿಂದ?"

"ಭಾನುವಾರದಿಂದ."

"ಉಸಿರು ಎಳೆದುಕೊಂಡರೆ ನೋಯುತ್ತದೆಯೇ?"

"ಹೌದು. ನಕ್ಕರೂ ನೋಯುತ್ತದೆ."

ಖಮ್ಮಂ ಹುಡುಗಿ ತಡೆಯಲಾರದೆ, "ಪೊಲಿಟ್ಸೈ—" ಎಂದುಬಿಟ್ಟಳು. ಅದು ಪೊಲೀಸರಿಗೆ ಜರ್ಮನ್ ಪದ. ನಾನು ಮಾರ್ಕರಿನಿಂದ ಬೋರ್ಡಿಗೆ ಟಕ್ ಎಂದು ಬಡಿದೆ. "ಇಲ್ಲ. ಹೊಸ ಪದ ಕಲಿಯೋಣ. ಮಣ್ಣಿನ ಬಣ್ಣದ ಬಟ್ಟೆಯವರು," ಎಂದು ಬೋರ್ಡಿನ ಮೇಲೆ ಬರೆದೆ. ನನ್ನ ಅಕ್ಷರ ಒಂದರ ಮೇಲೊಂದು ಬಿದ್ದಿತ್ತು. ಇಂಗ್ಲಿಷ್ ಸಂಬಂಧದ ಭಾಷೆಯೊಂದರಲ್ಲಿ ಗುಟ್ಟು ಆಡುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಹಸಿರು, ಮನೆ, ತಾಯಿ, ಮಗಳು, ಬಸ್ಸು, ಯಾವುದನ್ನೂ ಬಾಯಿಬಿಟ್ಟು ಹೇಳುವಂತಿಲ್ಲ, ಹತ್ತನೇ ಇಯತ್ತೆ ಓದಿದವನ ಕಿವಿಗೆ ಎಲ್ಲವೂ ಸಿಕ್ಕಿಬಿಡುತ್ತವೆ. ಅವಳಿಗೂ ಅದು ಗೊತ್ತಿತ್ತು. ಮಗಳು ಎನ್ನಲಿಲ್ಲ, 'ಕಾಲ್ಬ್' ಎಂದಳು, ಕರು.

"ಮಣ್ಣಿನ ಬಣ್ಣದವರು ಆಮೇಲೆ," ಎಂದಳು. "ಮೊದಲು ಕರು."

ನಾನು ಎಂದಿನ ಪ್ರಶ್ನೆ ಕೇಳಿದೆ. ಬೇರೇನೂ ನನಗೆ ಹೊಳೆಯಲಿಲ್ಲ. "ಫ್ರಾವ್ ಬ್ಯೂಫೆಲ್‌ಗೆ ಏನು ಬೇಕು?"

ಅವಳು ಬೋರ್ಡನ್ನು ನೋಡುತ್ತ, ಒಂದೊಂದೇ ಪದ ಆಯ್ದು ಹೇಳಿದಳು: "ಅವಳು ಹೊರಗೆ ಹೋಗಬೇಕು. ಕರುವಿನ ಜೊತೆ. ಬವರ್ ಅವರನ್ನು ಹಳ್ಳಿಗೆ ಒಯ್ಯುವ ಮೊದಲು. ಹಳ್ಳಿಗೆ ಹೋದರೆ ಅವಳು ಮತ್ತೆ ಬರುವುದಿಲ್ಲ."

'ಕರುವಿನ ಜೊತೆ' ಎಂಬಲ್ಲಿ ವಿಭಕ್ತಿ ತಪ್ಪಿತ್ತು. ನಾನು ತಿದ್ದಿದೆ, ಅವಳು ಸರಿಯಾಗಿ ಮತ್ತೊಮ್ಮೆ ಹೇಳಿದಳು. ಆ ಹೊತ್ತಿನಲ್ಲಿ ವಿಭಕ್ತಿ ತಿದ್ದುವುದು ಕ್ರೂರವೆನಿಸಿತು, ಆದರೆ ಪಾಠ ಪಾಠದಂತೆಯೇ ಕಾಣಬೇಕಿತ್ತು. ಎಲ್ಲರೂ ಒಂದೊಂದು ಪ್ರಶ್ನೆ ಕೇಳತೊಡಗಿದರು, ಎಂದಿನ ಹಾಗೆ, ಸರದಿಯಲ್ಲಿ.

"ಬವರ್ ಯಾವಾಗ ಹೊಲಕ್ಕೆ ಹೋಗುತ್ತಾನೆ?"

"ನಾಳೆ ಬೆಳಗ್ಗೆ. ಬಾಗಿಲಿಗೆ ಹೊರಗಿನಿಂದ ಬೀಗ."

"ಇನ್ನೊಂದು ಬೀಗದ ಕೈ ಇದೆಯೇ?"

"ಕೆಳಗಿನ ಅಜ್ಜಿಯ ಹತ್ತಿರ."

"ಚಿಕ್ಕ ಪುಸ್ತಕ?"

"ಗೊತ್ತಿಲ್ಲ. ಅವನ ಅಕ್ಕನ ಹತ್ತಿರ ಇರಬಹುದು."

"ಏನ್ ಹೇಳಾಕತ್ತಾಳ್ರಿ ಈಕಿ ಇಷ್ಟೊತ್ತು?" ಹಿಂದಿನಿಂದ ಅವನ ಧ್ವನಿ. ಎದ್ದು ನಿಂತಿದ್ದ. "ಮನ್ಯಾಗ ಇಷ್ಟು ಮಾತಾಡಂಗಿಲ್ಲ."

ಎಲ್ಲರೂ ನನ್ನನ್ನು ನೋಡಿದರು, ಅವಳೊಬ್ಬಳನ್ನು ಬಿಟ್ಟು.

"ಎಮ್ಮಿ ಕಥಿರಿ," ಎಂದೆ. "ಎಮ್ಮಿಗೆ ಮೈಯಾಗ ಆರಾಮಿಲ್ಲ. ಎಲ್ಲಿ ತೋರಸೂದು, ಯಾರ್ ಕರ್ಕೊಂಡ್ ಹೋಗೂದು ಅಂತ ಎಲ್ಲಾರೂ ಕೇಳಾಕತ್ತಾರ."

"ಅದಕ್ಯಾಕ ಇಷ್ಟು ಚಿಂತಿ? ಎಮ್ಮಿಗೆ ಔಷಧ ನಮ್ಮೂರಾಗ ಕೇಳ್ರಿ," ಎಂದು ಅವನು ನಕ್ಕ. ತರಗತಿಯೂ ನಕ್ಕಿತು, ಸ್ವಲ್ಪ ತಡವಾಗಿ, ಎಲ್ಲರೂ ಒಮ್ಮೆಲೇ.

ಕೊನೆಯಲ್ಲಿ ಅವನು ಡಬ್ಬಿ ತೆರೆದು ಒಬ್ಬೊಬ್ಬರ ಮುಂದೆಯೂ ಹಿಡಿದ. ಬೇಡವೆಂದರೆ ಸಂಶಯ ಬಂದೀತೆಂದು ಎಲ್ಲರೂ ತೆಗೆದುಕೊಂಡೆವು. ಅವನು ನೋಡುತ್ತ ನಿಂತಿದ್ದರಿಂದ ತಿಂದೆವು ಕೂಡ. ಅವನು ಕೈ ಮುಗಿದು, "ನಿಮ್ಮಿಂದ ಭಾಳ ಉಪಕಾರ ಆತ್ರಿ" ಎಂದು ಹೇಳಿ ಅವಳನ್ನು ಕರೆದುಕೊಂಡು ಮೆಟ್ಟಿಲಿಳಿದ. ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಅವರು ಹೋದ ಮೇಲೆ ಕೇರಳದ ನರ್ಸ್ ನನ್ನನ್ನು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿದರು. ನಾಳೆ ತಾನು ಹೋಗುವುದಾಗಿ ಹೇಳಿ, ನಾನೂ ಬರುತ್ತೇನಾ ಎಂದು ಹಿಂದಿಯಲ್ಲಿ ಕೇಳಿದರು. ನಾನು ತಕ್ಷಣ ಹೂಂ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಒಂದು ಅನುಮಾನ ಕೊರೆಯುತ್ತಿತ್ತು. ಅವಳ ಜರ್ಮನ್ ಅಷ್ಟಕ್ಕಷ್ಟೇ. ಕಥೆಯಲ್ಲಿ ಏನು ಬೇಕಾದರೂ ಹೇಳಬಹುದು, ನಿಜವೇ ಆಗಬೇಕಿಲ್ಲ ಎಂದು ಕಲಿಸಿದವಳು ನಾನೇ. ಅವಳು ಕಥೆಯನ್ನೇ ಹೇಳಿರಬಹುದಲ್ಲ? ಸುಮ್ಮನೆ ಇನ್ನೊಬ್ಬರ ಸಂಸಾರದಲ್ಲಿ ಕೈ ಹಾಕಿದಂತಾದರೆ?

ಅದನ್ನೇ ಅವರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು. "ಅವಳು ಉಸಿರಾಡುತ್ತಿದ್ದ ರೀತಿ ನೋಡಿದಿರಾ?" ಎಂದರು. "ಅದನ್ನು ಯಾರೂ ಕಥೆಗೋಸ್ಕರ ಮಾಡಲಾರರು."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರದು ಎಚ್ಚರಿಕೆಯ ಸ್ವಭಾವ. "ಒಬ್ಬಕಿನ ಹೋಗಬ್ಯಾಡ," ಎಂದರು. "ಹೋದ್ರ ಬರೇ ಮಾತಾಡಿಸಿ ಬರಬ್ಯಾಡ. ಕರ್ಕೊಂಡ ಬಾ."

ಸಂಸ್ಥೆಯಲ್ಲಿ ಅವಳ ವಿಳಾಸ ಇತ್ತು. ಮಾದಾಪುರದ ಬೆನ್ನಿಗಿರುವ ಬೋರಬಂಡದ ಇಕ್ಕಟ್ಟಿನ ಬೀದಿಯಲ್ಲಿ ಮನೆ. ಬೆಳಗ್ಗೆ ನಾವಿಬ್ಬರೂ ಆಟೋದಲ್ಲಿ ಹೋಗಿ ಬೀದಿಯ ತುದಿಯಲ್ಲಿ ನಿಂತೆವು. ಅವನ ಬೈಕ್ ಇನ್ನೂ ಬಾಗಿಲಲ್ಲೇ ಇತ್ತು. ಆಟೋದವನು ಚಡಪಡಿಸುತ್ತಿದ್ದ. ಕೊನೆಗೆ ಅವಳ ಗಂಡ ಹೊರಗೆ ಬಂದು ಬೈಕ್ ಹತ್ತಿದ. ಬೈಕ್ ನಮ್ಮ ಕಡೆಗೇ ಬಂತು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಆ ಕಡೆ ತಿರುಗಿ ಕುಳಿತೆ. ಪಕ್ಕದಲ್ಲೇ ಹಾದು ಹೋದ.

ಕೆಳಗಿನ ಮನೆಯ ಅಜ್ಜಿ, ಆ ಮನೆಯ ಒಡತಿ, ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೇಲಿನವಳ ಟೀಚರ್ ಎಂದು ಹೇಳಿಕೊಂಡು ಬೀಗದ ಕೈ ಕೇಳಿದೆ. ಅವಳು ಕೈಯ ಸಾಬೂನು ತೊಳೆಯದೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಮೇರೆಕು ಕಾಯ್ಕು ಬೀಚ್ ಮೆ ಡಾಲ್ತೆ?" ಎಂದಳು. ನನ್ನನ್ನು ಯಾಕೆ ನಡುವೆ ಸಿಕ್ಕಿಸುತ್ತೀರಿ ಎಂದು. "ಮಿಯಾ ಬೀವಿ ಕಾ ಝಗಡಾ ಹೈ." ಗಂಡ ಹೆಂಡಿರ ಜಗಳ ಅದು.

"ಅಮ್ಮಾ, ಉಸಕೀ ಪಸಲಿ ಟೂಟೀ ಹೈ," ಎಂದರು ಕೇರಳದ ನರ್ಸ್. ಪಕ್ಕೆಲುಬು ಮುರಿದಿದೆ.

ಅಜ್ಜಿ ಛಾವಣಿಯ ಕಡೆ ಒಮ್ಮೆ ನೋಡಿದಳು. "ಆವಾಜಾಂ ತೋ ಮೈಂ ಭೀ ಸುನ್ತೂಂ," ಎಂದಳು ಮೆಲ್ಲಗೆ. ಸದ್ದುಗಳು ನನಗೂ ಕೇಳುತ್ತವೆ. ಒಳಗೆ ಹೋಗಿ ಬೀಗದ ಕೈ ತಂದು, ನಮ್ಮ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು, ಮತ್ತೆ ಪಾತ್ರೆಗಳ ಮುಂದೆ ನಮಗೆ ಬೆನ್ನು ಮಾಡಿ ಕುಳಿತಳು.

ಬಾಗಿಲು ತೆರೆದಾಗ ಅವಳು ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಮಗಳಿಗೆ ಶಾಲೆಯ ಸಮವಸ್ತ್ರ ತೊಡಿಸಿದ್ದಳು, ಯಾರಾದರೂ ಕೇಳಿದರೆ ಶಾಲೆಗೆ ಎನ್ನಲು. ಬಟ್ಟೆಗಳೆಲ್ಲ ಶಾಲೆಯ ಚೀಲದಲ್ಲೇ ಇದ್ದವು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು.

ಆಟೋ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಅವಳ ಫೋನ್ ಬಡಿಯಿತು. ಅವನೇ. ನಾವು ಮೂವರೂ ಆ ಫೋನನ್ನು ನೋಡುತ್ತ ಕುಳಿತೆವು. ನಿಂತಿತು, ಮತ್ತೆ ಬಡಿಯಿತು, ನಿಂತಿತು. ಆಮೇಲೆ ನನ್ನ ಫೋನ್ ಬಡಿಯಿತು. ಎತ್ತದಿದ್ದರೆ ಸಂಶಯ, ಎತ್ತಿದರೆ ರಸ್ತೆಯ ಸದ್ದು. ಎತ್ತಿದೆ.

"ಟೀಚರ್, ಎಲ್ಲಿ ಅದೀರ್ರಿ?"

"ಸಂತ್ಯಾಗ ಅದೀನ್ರಿ. ಯಾಕ್ರೀ?"

"ಏನಿಲ್ರಿ. ಆಕಿ ಫೋನ್ ಎತ್ತವಲ್ಲಳು. ನಿಮಗೇನರ ಮಾಡಿದ್ಳೇನು ಅಂತ ಕೇಳಿದ್ನಿ."

"ಇಲ್ಲಲ್ರಿ," ಎಂದೆ.

ಪಕ್ಕದಲ್ಲಿ ಮಗು, "ಅವ್ವಾ, ಸಾಲಿ ಈ ಕಡೆ ಅಲ್ಲ" ಎಂದಿತು. ಅವಳು ಅದರ ಬಾಯಿಗೆ ಅಂಗೈ ಒತ್ತಿದಳು. ಆ ಕಡೆ ಅವನು ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಫೋನ್ ಕಟ್ಟಾಯಿತು. "ಜಲ್ದಿ ಚಲೋ ಭಯ್ಯಾ," ಎಂದೆ ಆಟೋದವನಿಗೆ.

ಮೊದಲು ಕೇರಳದ ನರ್ಸ್ ಕೆಲಸ ಮಾಡುವ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇಯಲ್ಲಿ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಅಲ್ಲಿಂದ ಮಹಿಳಾ ಠಾಣೆಗೆ. ಇನ್ಸ್‌ಪೆಕ್ಟರ್ ತೆಲುಗಿನವರು; ಅವಳಿಗೆ ತೆಲುಗು ಬರುತ್ತಿದ್ದರೂ ಅಂದು ಬಾಯಿ ಏಳಲಿಲ್ಲ. ಕನ್ನಡದಲ್ಲೂ ಏಳಲಿಲ್ಲ. ಇನ್ಸ್‌ಪೆಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದರು. ಕೊನೆಗೆ ಅವಳು ನನ್ನ ಕಡೆ ತಿರುಗಿ ಜರ್ಮನ್‌ನಲ್ಲಿ ಶುರುಮಾಡಿದಳು. ನಾನು ಅದನ್ನು ತೆಲುಗಿಗೆ ತಿರುಗಿಸುತ್ತ ಹೋದೆ. ಇನ್ಸ್‌ಪೆಕ್ಟರ್ ಒಮ್ಮೆ ತಲೆ ಎತ್ತಿ, ಇದು ಯಾವ ಊರಿನ ಭಾಷೆ ಎಂದು ಕೇಳಿದರು. ಅರ್ಧ ದಾರಿಯಲ್ಲಿ ಅವಳು ತನಗೇ ಅರಿವಿಲ್ಲದೆ ಕನ್ನಡಕ್ಕೆ ಬಂದಳು. ಅಲ್ಲಿಂದ ನಿಲ್ಲಲೇ ಇಲ್ಲ. ಎಮ್ಮೆ ಎನ್ನುವುದು ಹೋಗಿ ನಾ, ನನ್ನ, ನನಗ ಎಂದಾಯಿತು.

ಮರುದಿನ ಅವನು ತರಗತಿಗೆ ಬಂದ. ಜೊತೆಗೆ ಸೈಟಿನ ಇಬ್ಬರು ಆಳುಗಳು ಬಾಗಿಲಲ್ಲಿ ನಿಂತರು. ಮಾಲೀಕ ಹಿಂದೆಯೇ ಓಡಿಬಂದು, "ಮೇಡಂ, ಮಾಟ್ಲಾಡಿ ಪಂಪಿಂಚೇಯಂಡಿ" ಎಂದು ನನ್ನನ್ನು ಬೇಡಿಕೊಂಡರು. ಮಾತಾಡಿ ಕಳಿಸಿಬಿಡಿ ಎಂದು. ನರ್ಸುಗಳು ಯಾರೂ ಜಾಗ ಬಿಟ್ಟು ಏಳಲಿಲ್ಲ.

ಅವನು ಕೂಗಾಡಲಿಲ್ಲ. ಠಾಣೆಯಿಂದ ಫೋನ್ ಬಂದಿತ್ತು, ಅದು ಅವನನ್ನು ತಡೆದು ಹಿಡಿದಿತ್ತೆಂದು ಕಾಣುತ್ತದೆ. ನನ್ನ ಮೇಜಿನ ತೀರ ಹತ್ತಿರ ಬಂದು ಕೇಳಿದ: "ಅವತ್ತ ಆಕಿ ಏನ್ ಹೇಳಿದ್ಳು? ಖರೇ ಹೇಳ್ರಿ."

ನಾನು ಹೇಳಿದೆ. ಸುಳ್ಳು ಹೇಳಿ ಸಾಕಾಗಿತ್ತು. ಅವಳು ಹೇಳಿದ್ದನ್ನು ಅದೇ ಕ್ರಮದಲ್ಲಿ, ಒಂದೊಂದೇ ವಾಕ್ಯವಾಗಿ ಕನ್ನಡದಲ್ಲಿ ಹೇಳಿದೆ. ಅವಳು ಎಲ್ಲಿದ್ದಾಳೆಂಬುದೊಂದನ್ನು ಬಿಟ್ಟು. ಪಕ್ಕೆಲುಬಿನ ಮಾತು ಬಂದಾಗ ಬಾಗಿಲಲ್ಲಿದ್ದ ಆಳುಗಳಲ್ಲಿ ಒಬ್ಬ ಮುಖ ತಿರುಗಿಸಿದ.

"ನಾ ಅಲ್ಲೇ ಕುಂತಿದ್ನೆಲ್ರಿ," ಎಂದ ಅವನು. ಆಮೇಲೆ ಬೆಂಚುಗಳ ಕಡೆ ನೋಡಿದ. "ಇವರಿಗೆಲ್ಲಾ ತಿಳದಿತ್ತೇನು? ನಾ ಪೇಡೆ ಕೊಡೂ ಮುಂದನೂ?"

ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅವಮಾನ ಇತ್ತು. ಅದು ನನಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆ ತಂದಿತು. ಬೋರ್ಡನ್ನು ಒಮ್ಮೆ ನೋಡಿ, ಆಳುಗಳನ್ನು ಕರೆದುಕೊಂಡು ಹೊರಟುಹೋದ.

ಶನಿವಾರದ ಪರೀಕ್ಷೆ ಅವಳಿಗೆ ತಪ್ಪಿತು. ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಮೇಲಿಂದ ಮೇಲೆ ಕರೆಸಿದ ಮೇಲೆ ಅವನ ಅಕ್ಕ ಬಂದು ಅದನ್ನು ಠಾಣೆಯಲ್ಲಿ ಕೊಟ್ಟು ಹೋದಳಂತೆ. ಅಷ್ಟರಲ್ಲಿ ಮಾಲೀಕ ನನ್ನ ಕಥೆಗಳನ್ನು ನಿಲ್ಲಿಸಿದ್ದರು. ಬಾಯಿಪಾಠ ಮಾಡಿಸುವುದಾದರೆ ಇರಿ, ಇಲ್ಲವಾದರೆ ಬೇಡ ಎಂದರು. ನಾನು ಬಿಟ್ಟೆ. ನರ್ಸುಗಳಲ್ಲಿ ಅರ್ಧದಷ್ಟು ಮಂದಿ ಮಲ್ಕಾಜ್‌ಗಿರಿಯ ನಮ್ಮ ಮನೆಯ ಪಡಸಾಲೆಗೇ ಬರತೊಡಗಿದರು, ಅವಳೂ ಬಂದಳು. ಆಗ ಅವಳು ಕೇರಳದ ನರ್ಸ್ ಜೊತೆ ಇರುತ್ತಿದ್ದಳು. ಗೇಟಿನ ಸದ್ದಾದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು, ಅವಳದೂ ನನ್ನದೂ. ನನ್ನ ಗಂಡ ಗೇಟಿಗೆ ಹೊಸ ಚಿಲಕ ಹಾಕಿಸಿದರು. ಮುಂದಿನ ಪರೀಕ್ಷೆಯಲ್ಲಿ ಮಾತಿನಲ್ಲಿ ಪಾಸಾದಳು, ಬರವಣಿಗೆಯಲ್ಲಿ ಹೋಯಿತು. ಅದರ ಮುಂದಿನದರಲ್ಲಿ ಅದೂ ಆಯಿತು.

ಆದರೆ ಮಗುವಿನ ಪಾಸ್‌ಪೋರ್ಟಿಗೆ ತಂದೆಯ ಸಹಿ ಬೇಕಿತ್ತು, ಇಲ್ಲವೇ ಕೋರ್ಟಿನ ಆದೇಶ. ಒಬ್ಬಳೇ ಹೋಗುವುದಿಲ್ಲವೆಂದು ಅವಳು ಹಟ ಹಿಡಿದಳು. ಬಂದ ಕೆಲಸವೊಂದು ಕೈತಪ್ಪಿತು. ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು ಬಿದ್ದವು. ಅವನು ಕೆಲವಕ್ಕೆ ಬಂದ, ಕೆಲವಕ್ಕೆ ಬರಲಿಲ್ಲ. ಒಂದು ದಿನ ಬಂದು, ಯಾರೊಡನೆಯೂ ಮಾತಾಡದೆ ಸಹಿ ಹಾಕಿ ಹೋದ. ಯಾಕೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈಗ ಅವಳು ಜರ್ಮನಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಇದ್ದಾಳೆ, ಮಗಳೂ ಜೊತೆಯಲ್ಲಿದ್ದಾಳೆ. ಭಾನುವಾರ ಫೋನ್ ಮಾಡುತ್ತಾಳೆ.

ಕೆಲವು ತಿಂಗಳ ಹಿಂದೆ ಸಿಕಂದರಾಬಾದಿನಲ್ಲಿ ಬಸ್ ಹತ್ತಿ ಕುಳಿತಿದ್ದೆ. ಹಿಂದಿನಿಂದ, "ಆರಾಮ ಅದೀರೇನ್ರಿ ಟೀಚರ್?" ಎಂಬ ಧ್ವನಿ ಕೇಳಿತು. ತಿರುಗದೆಯೇ ಯಾರೆಂದು ತಿಳಿಯಿತು. ಅವನು ಎದ್ದು ಬಂದು ನನ್ನ ಪಕ್ಕದ ಕಂಬ ಹಿಡಿದು ನಿಂತ. ಸೊರಗಿದ್ದ. ಅಂಗಿಗೆ ಇಸ್ತ್ರಿ ಮಾತ್ರ ಹಾಗೆಯೇ ಇತ್ತು.

"ಯಾವ ಊರಾಗ ಅದಾರ?" ಎಂದ.

"ನನಗ ಗೊತ್ತಿಲ್ರಿ."

ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಎರಡು ನಿಲ್ದಾಣ ದಾಟಿದರೂ ಪಕ್ಕದಿಂದ ಸರಿಯಲಿಲ್ಲ. ನಾನು ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

"ಹುಡುಗಿ ಕನ್ನಡ ಮರ್ತಾಳೇನ್ರಿ?" ಎಂದು ಕೇಳಿದ.

"ಇಲ್ಲ. ನನ್ನ ಕೂಡ ಕನ್ನಡದಾಗ ಮಾತಾಡ್ತಾಳ."

ಅವನು ತಲೆಯಾಡಿಸಿದ. ಬಸ್ ನಿಧಾನವಾದಾಗ ಜನರ ನಡುವೆ ದಾರಿ ಮಾಡಿಕೊಂಡು ಇಳಿದುಹೋದ.

ನಾನು ನನ್ನ ನಿಲ್ದಾಣದಲ್ಲಿ ಇಳಿಯಲಿಲ್ಲ. ಮುಂದಿನದರಲ್ಲಿ ಇಳಿದು, ಯಾರಾದರೂ ಹಿಂದೆ ಬರುತ್ತಾರೇನೋ ಎಂದು ಒಂದು ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ಬೇರೆ ದಾರಿಯಿಂದ ಮನೆಗೆ ನಡೆದೆ.